ಕೊನೆಯ ಕಂತಿನ ಕಿಟಕಿ

ಮಾರ್ಚ್ 12, 2007, ಸೋಮವಾರ

‘ತಡವಾಯಿತೆಂದು ಯಾರೂ ಹೇಳಲಿಲ್ಲ.’ ಬೆಳಿಗ್ಗೆ ಪಾತ್ರೆ ತೊಳೆಯುವಾಗ ಈ ಸಾಲು ತಾನಾಗಿ ಬಂತು. ಇದಕ್ಕೆ ಇನ್ನೊಂದು ತುಂಡಿದೆ. ಅದರಲ್ಲಿ ಒಲೆಯೋ ಬೆಂಕಿಯೋ ಬರುತ್ತದೆ, ಅಷ್ಟು ಮಾತ್ರ ನೆನಪು. ಯಾರ ಕವಿತೆ? ಎಂ.ಎ. ಓದುವಾಗ ಬಾಯಿಪಾಠ ಮಾಡಿದ್ದೇ? ಸಾಲು ಚೆನ್ನಾಗಿದೆ, ಆದರೆ ನಿಜವೇ? ಜನವರಿಯಲ್ಲಿ ನಾನು ನಂಜನಗೂಡು ತಲುಪಿದಾಗ ಅಮ್ಮ ಹೋಗಿ ಮೂರು ದಿನವಾಗಿತ್ತು. ಅಣ್ಣ ಕೇಶವ ಗೇಟಿನಲ್ಲೇ ಹೇಳಿದ. ಎದುರುಮನೆಯವರು ಹೇಳಿದರು. ಚೀಲ ಇಳಿಸಿಕೊಟ್ಟ ಆಟೋದವನೂ ಹೇಳಿದ. ತಡವಾಯಿತೆಂದು ಹೇಳದೆ ಇರುವ ಜನ ಯಾವ ಊರಿನಲ್ಲಿದ್ದಾರೆ?

ಈ ದೇಶದ ಬೇಸಿಗೆ ಲೆಕ್ಕದಂತೆ ನಿನ್ನೆ ಗಡಿಯಾರಗಳು ಒಂದು ಗಂಟೆ ಮುಂದೆ ಹೋದವು. ಒಲೆಯ ಮೇಲಿನದನ್ನು ನಾನು ಇನ್ನೂ ಸರಿಮಾಡಿಲ್ಲ.

ಮಗಳು ಸಿರಿ ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಒಂಬತ್ತು ದಿನ. ಬೇಕು, ಬೇಡ, ಓಕೆ, ಇಷ್ಟರಲ್ಲೇ ನಡೆಯುತ್ತಿದೆ. ತಪ್ಪು ನನ್ನದೇ. ಹದಿನೈದು ವರ್ಷದ ಹುಡುಗಿ ಶಾಲೆಯಿಂದ ಬಂದವಳೇ ಮೇಲೆ ಹೋಗಿ, ಬಾಗಿಲು ಹಾಕಿಕೊಂಡು, ಕಾದಂಬರಿ ಓದಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಅವತ್ತು ಟಿಶ್ಯೂ ಡಬ್ಬ ಕೊಡಲು ಹೋದವಳು, “ಇಲ್ಲದ ಹುಡುಗಿಗೋಸ್ಕರ ಎಷ್ಟು ಅಳ್ತೀಯಲ್ಲೇ,” ಎಂದು ನಕ್ಕೆ. ಅವಳು ಪುಸ್ತಕದಿಂದ ಕಣ್ಣು ತೆಗೆಯದೆ ಹೇಳಿದಳು: ಇದ್ದ ಅಜ್ಜಿಗೋಸ್ಕರ ನೀನು ಅಳಲೇ ಇಲ್ಲವಲ್ಲ.

ಹೇಳಿದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದು ನೋಡಿದೆ. ಹಾಗೆ ಬರೆದರೂ ಅಷ್ಟೇ ಸರಿಯಾಗಿದೆ.

ಮಾರ್ಚ್ 15, ಗುರುವಾರ

ಪಕ್ಕದ ಮನೆಯ ಉಷಾ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಿದ್ದರು. ತುಮಕೂರಿನವರು, ನನಗಿಂತ ಹತ್ತು ವರ್ಷ ಚಿಕ್ಕವರು. ನಮ್ಮದೂ ಅವರದೂ ಒಂದೇ ಸಾಲಿನ ಮನೆಗಳು. ನಡುವೆ ಒಂದೇ ಗೋಡೆ.

“ವಸಂತಾ ಅವ್ರೇ, ತಪ್ಪು ತಿಳ್ಕೋಬೇಡಿ. ಸಿರಿ ನಿನ್ನೆ ತುಂಬಾ ಅಳ್ತಿದ್ದಳಲ್ಲ, ಏನಾದ್ರೂ ಪ್ರಾಬ್ಲಮ್ಮಾ?”

“ಪುಸ್ತಕ ಓದ್ತಿದ್ದಳು.”

“ಬರೀ ಪುಸ್ತಕಕ್ಕಾ? ನಾನು ಫೋನ್ ತಗೊಂಡು ನಿಂತಿದ್ದೆ ಕಣ್ರೀ, ನಿಮ್ಮನೇಲಿ ಯಾರಿಗೋ ಏನೋ ಆಯ್ತು ಅಂತ.” ಬಟ್ಟಲನ್ನು ಎದೆಗೊತ್ತಿಕೊಂಡು ನಕ್ಕರು. “ಈ ಗೋಡೆ ಬರೀ ರಟ್ಟು. ಹೆಸ್ರು ಕೇಳಿ ಹೇಳಿ, ನಾನೂ ತರ್ತೀನಿ. ನಮ್ಮನೇಲಿ ಅಳೋಕೆ ಒಂದು ನೆಪಾನೂ ಸಿಗಲ್ಲ.”

ಸಾಲು ಹುಡುಕುತ್ತ ಕಪಾಟಿನ ಮೇಲಿನ ಹಲಗೆಯ ಕವನ ಸಂಕಲನಗಳನ್ನೆಲ್ಲ ಇಳಿಸಿದೆ. ಇಲ್ಲ.

ಮಾರ್ಚ್ 21, ಬುಧವಾರ

ಇವತ್ತು ಕದ್ದು ಒಂದು ಕೆಲಸ ಮಾಡಿದೆ. ಸಿರಿ ಶಾಲೆಗೆ ಹೋದ ಮೇಲೆ ಅವಳ ಲೈಬ್ರರಿ ಪುಸ್ತಕ ತಂದು ಕೂತು ಪೂರ್ತಿ ಓದಿದೆ. ಅಣ್ಣ ಕೋಮಾದಲ್ಲಿರುತ್ತಾನೆ, ತಂಗಿ ದಿನವೂ ಹೋಗಿ ಅವನಿಗೆ ಬೇಸ್‌ಬಾಲ್ ಸ್ಕೋರು ಹೇಳುತ್ತಾಳೆ. ಮುನ್ನೂರು ಪುಟ. ಲೇಖಕಿ ಎಲ್ಲಿ ಅಳಿಸಲು ಹೊರಟಿದ್ದಾಳೆ ಎಂಬುದು ಹತ್ತು ಪುಟ ಮೊದಲೇ ಗೊತ್ತಾಗುತ್ತದೆ. ಹವಾಮಾನವೂ ಅವಳ ಜೊತೆ ಸೇರಿಕೊಂಡಿದೆ, ಬೇಕಾದಾಗ ಮಳೆ. ನನಗೆ ಏನೂ ಆಗಲಿಲ್ಲ.

ಆದರೆ ಒಂದು ಪುಟದಲ್ಲಿ ಕಾಗದ ಉಬ್ಬಿ ಒರಟಾಗಿದೆ. ಒಂದಲ್ಲ, ನಾಲ್ಕೈದು ಕಲೆ, ಒಂದಕ್ಕಿಂತ ಒಂದು ಹಳೆಯದು. ಎಲ್ಲ ಸಿರಿಯದಲ್ಲ. ನಮ್ಮ ಈ ಊರು ಶೋರ್‌ಲೈನಿನ ಯಾವ ಯಾವ ಮನೆಗಳಲ್ಲಿ ಯಾರು ಯಾರು ಇದೇ ಸಾಲಿಗೆ ಬಂದು ತಡೆಯಲಾರದೆ ಹೋದರೋ. ಆ ಪುಟದ ಮೇಲೆ ಬಹಳ ಹೊತ್ತು ಬೆರಳಾಡಿಸಿದೆ. ಕುತೂಹಲ, ಬೇರೇನಿಲ್ಲ. ಈ ಹುಡುಗಿಯರು ಇಷ್ಟು ನೀರನ್ನು ಎಲ್ಲಿ ಇಟ್ಟುಕೊಂಡಿರುತ್ತಾರೆ?

ಸಿರಿಯ ಅಪ್ಪ ಬದರಿ ಸಂಜೆ ಮುಕಿಲ್ಟಿಯೊ ಕಡೆಯ ವಿಮಾನ ಕಾರ್ಖಾನೆಯಿಂದ ಬಂದು, ಮೇಜಿನ ಮೇಲೆ ಪುಸ್ತಕ ನೋಡಿ ಕೇಳಿದರು, “ಏನು, ನೀನೂ ಶುರು ಮಾಡಿದ್ಯಾ?”

“ಅವಳ ಮೇಲೆ ರಿಸರ್ಚು.”

“ಅವಳನ್ನೇ ಕೇಳಬಾರ್ದಾ?”

ಕೇಳಲು ಬಾಗಿಲು ತೆರೆದಿರಬೇಕಲ್ಲ.

ಮಾರ್ಚ್ 24, ಶನಿವಾರ

ನಂಜನಗೂಡಿನಿಂದ ತಂದ ಸೂಟ್‌ಕೇಸು ಫೆಬ್ರವರಿಯಿಂದ ಕೆಳಗಿನ ಕ್ಲಾಸೆಟ್ಟಿನಲ್ಲೇ ಇದೆ. ವ್ಯಾಕ್ಯೂಮ್ ಇಡಲು ಜಾಗವಿಲ್ಲ ಎಂದು ಬದರಿ ಹೇಳಿದ ಮೇಲೆ ಇವತ್ತು ತೆರೆದೆ. ಕೇಶವ ತುಂಬಿಕೊಟ್ಟ ಸಾಮಾನು: ಎರಡು ಸೀರೆ, ಹಿತ್ತಾಳೆ ದೀಪ, ಚಟ್ನಿಪುಡಿ, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ದಬ್ಬಣದಲ್ಲಿ ಹೊಲಿದ ಒಂದು ದಪ್ಪ ಪುಸ್ತಕ. ವಾರಪತ್ರಿಕೆಯ ಧಾರಾವಾಹಿ. ವಾರವಾರವೂ ಹಾಳೆ ಬಿಡಿಸಿ, ಜೋಡಿಸಿ, ಮುಗಿದ ಮೇಲೆ ಹೊಲಿದದ್ದು. ಮೇಲೆ ಅಮ್ಮನ ಗುಂಡು ಅಕ್ಷರ: ‘ಗಿರಿಜೆಯ ಕಥೆ. ಕಂತು 1ರಿಂದ 21. ಓದಿದ ಮೇಲೆ ವೆಂಕಟಮ್ಮನಿಗೆ ಹಿಂದಿರುಗಿಸಿ.’ ವೆಂಕಟಮ್ಮ ಎಂದರೆ ಅಮ್ಮನೇ.

ಸಿರಿ ನೀರು ಕುಡಿಯಲು ಕೆಳಗೆ ಬಂದವಳು ನಿಂತಳು. ಹಳೆಯ ಕಾಗದದ ವಾಸನೆಗೆ ಅವಳ ಮೂಗು ಚುರುಕು.

“ವಾಟ್ ಈಸ್ ದಟ್?”

ಮೂರು ವಾರದಲ್ಲಿ ಅವಳಾಗಿ ಕೇಳಿದ ಮೊದಲ ಪ್ರಶ್ನೆ. ಅಜ್ಜಿಯ ಕಾದಂಬರಿ ಎಂದೆ. ಒಬ್ಬ ಹುಡುಗಿ ಅಮ್ಮನ ಜೊತೆ ಜಗಳ ಮಾಡಿಕೊಂಡು ಮನೆ ಬಿಟ್ಟು ದೂರದೂರಿಗೆ ಹೋಗಿ ನರ್ಸಾಗುತ್ತಾಳೆ ಎಂದೆ. ಜಗಳ ಎಂಬಲ್ಲಿ ಇಬ್ಬರೂ ಬೇರೆ ಕಡೆ ನೋಡಿದೆವು.

“ಈಸ್ ಇಟ್ ಸ್ಯಾಡ್?”

“ವಠಾರದವರೆಲ್ಲ ಅಳ್ತಿದ್ದರು.”

ಕೊನೆಗೆ ಏನಾಗುತ್ತದೆ ಎಂದು ಕೇಳಿದಳು. ನನಗೂ ನೆನಪಿಲ್ಲ ಎಂದಾಗ ಅವಳಿಗೆ ಕಸಿವಿಸಿ. ಲೈಬ್ರರಿಯಲ್ಲಿ ಮೊದಲು ಕೊನೆಯ ಪುಟ ನೋಡಿ, ಯಾರಾದರೂ ಸತ್ತರೆ ಮಾತ್ರ ಪುಸ್ತಕ ಮನೆಗೆ ತರುವವಳು ಅವಳು. ಕೊನೆ ಗೊತ್ತಿದ್ದರೆ ನಿಧಾನವಾಗಿ ಅಳಬಹುದಂತೆ. ಪುಸ್ತಕ ಕೈಗೆ ತೆಗೆದುಕೊಂಡು ಕೊನೆಯ ಹಾಳೆಗೆ ಹೋಗಲಿದ್ದವಳು, ಓದಲು ಬಾರದು ಎಂದು ನೆನಪಾಗಿ ಮುಚ್ಚಿದಳು. ಕನ್ನಡ ಕಲಿಸಲು ನಾನು ಪಟ್ಟ ಪಾಡೆಲ್ಲ ‘ಅ ಅರಸ’ನಿಂದ ‘ಕ ಕಮಲ’ದವರೆಗೆ ಬಂದು ನಿಂತಿತ್ತು.

“ಓದ್ತೀಯಾ?” ಎಂದಳು. ಕನ್ನಡದಲ್ಲಿ.

ಮಾರ್ಚ್ 25, ಭಾನುವಾರ

ಮೊದಲ ಕಂತು ಓದಿದೆ. ಅಡುಗೆಮನೆಯಲ್ಲಿ, ಅವಳು ಸ್ಟೂಲಿನ ಮೇಲೆ, ನಾನು ಒಲೆಗೆ ಒರಗಿ. ಭಾಷೆ ಹಳತು, ಉಪಮೆಗಳು ಅತಿ. ಅವಳಿಗೆ ಅದೊಂದೂ ಅಡ್ಡ ಬರಲಿಲ್ಲ.

ಏಪ್ರಿಲ್ 3, ಮಂಗಳವಾರ

ದಿನಕ್ಕೊಂದು ಕಂತು. ಶಾಲೆಯಿಂದ ಬಂದು ಬ್ಯಾಗ್ ಎಸೆದು ಸ್ಟೂಲ್ ಎಳೆಯುತ್ತಾಳೆ. ನಾಳೆಯದನ್ನೂ ಇವತ್ತೇ ಓದು ಎಂದು ಹಟ. ಆಗಲ್ಲ ಎಂದೆ. ಅಮ್ಮ ಹಾಗೆ ಓದುತ್ತಿರಲಿಲ್ಲ.

ನಮ್ಮ ವಠಾರದಲ್ಲಿ ಏಳು ಮನೆಗೆ ಒಂದು ಪತ್ರಿಕೆ. ಗುರುವಾರ ಬರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರೆಲ್ಲ ನಮ್ಮ ನಡುಮನೆಗೆ. ಅಮ್ಮ ಓದುವುದು, ಉಳಿದವರು ಬತ್ತಿ ಹೊಸೆಯುವುದು, ಅವರೆಕಾಯಿ ಬಿಡಿಸುವುದು. ಅಮ್ಮ ಮೊದಲೇ ಓದಿಟ್ಟುಕೊಳ್ಳಬಾರದು ಎಂಬುದು ಎಲ್ಲರೂ ಸೇರಿ ಮಾಡಿದ ನಿಯಮ. ಅವಳೂ ಅವರ ಜೊತೆಯಲ್ಲೇ ತಿಳಿಯಬೇಕು. ಮುಂದಿನ ಗುರುವಾರದವರೆಗೆ ಗಿರಿಜೆ ವಠಾರದಲ್ಲೇ ಇರುತ್ತಿದ್ದಳು. ಅವಳಿಗೆ ಜ್ವರ ಬಂದರೆ ಬಾವಿಕಟ್ಟೆಯಲ್ಲಿ ಅದೇ ಮಾತು.

ಸಿರಿಗೆ ಇದು ಬಹಳ ಹಿಡಿಸಿತು. “ಸೋ ಅಜ್ಜಿ ಹ್ಯಾಡ್ ಎ ಬುಕ್ ಕ್ಲಬ್!” ಎಂದಳು. ಆಮೇಲೆ, ಅಳುವವರನ್ನು ಕಂಡು ಅಜ್ಜಿ ನಗುತ್ತಿದ್ದರಾ ಎಂದು ಕೇಳಿದಳು. ಅಮ್ಮ ಓದುತ್ತಲೇ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು, ಅಳುವವರನ್ನು ನೋಡಿ ನಗುತ್ತಿದ್ದವಳು ನಾನು ಒಬ್ಬಳೇ ಎಂದೆ. ಆಗ ನನಗೆ ಹದಿನೈದು. ಕವಿತೆ ಬರೆಯುತ್ತಿದ್ದೆ, ಧಾರಾವಾಹಿ ಎಂದರೆ ತಾತ್ಸಾರ.

“ಯು ಹ್ಯಾವೆಂಟ್ ಚೇಂಜ್ಡ್,” ಎಂದಳು. ನಗುತ್ತಲೇ.

ಮರಗಳ ಪೋಲನ್ ಪುಡಿ ಹಾರಲು ಶುರುವಾಗಿದೆ. ಓದುವಾಗ ಗಂಟಲು ಕಟ್ಟುತ್ತದೆ, ಕಣ್ಣುರಿ. ಅಲರ್ಜಿ ಮಾತ್ರೆ ತರಬೇಕು.

ಏಪ್ರಿಲ್ 10, ಮಂಗಳವಾರ

ಹದಿನೇಳನೆಯ ಕಂತು. ಅಮ್ಮನಿಗೆ ಹುಷಾರಿಲ್ಲ ಎಂದು ಗಿರಿಜೆಗೆ ಕಾಗದ ಬಂತು. ಕಾಗದ ತಲುಪಲೇ ಹನ್ನೊಂದು ದಿನ. ರಜೆ ಸಿಗುವುದಿಲ್ಲ.

ಸಿರಿ ನನ್ನನ್ನೇ ನೋಡುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ನನಗೆ ನಾಲ್ಕು ಸಲ ನೀರು ಕುಡಿಯಬೇಕಾಯಿತು. ಮಾತ್ರೆ ಕೆಲಸ ಮಾಡುತ್ತಿಲ್ಲ.

ಏಪ್ರಿಲ್ 14, ಶನಿವಾರ

ಇವತ್ತು ಕೊನೆಯ ಕಂತು. ಬೆಳಿಗ್ಗೆಯಿಂದ ಸಿರಿಗೆ ಕೂತಲ್ಲಿ ಕೂರಲಾಗಲಿಲ್ಲ. “ಅವಳು ಟೈಮ್‌ಗೆ ರೀಚ್ ಆಗ್ತಾಳೆ ಅಲ್ವಾ? ಆಗ್ಲೇಬೇಕು.” ಯಾರಾದರೂ ಸಾಯಲಿ ಎಂದು ಬೇಡಿಕೊಳ್ಳುವ ಹುಡುಗಿ ಈಗ ಯಾರೂ ಸಾಯಬಾರದು ಎನ್ನುತ್ತಾಳೆ.

ಓದಿದೆ. ಗಿರಿಜೆ ರೈಲಿಳಿದಳು. ಜಟಕಾ ಸಿಗಲಿಲ್ಲ, ನಡೆದಳು. ಬೀದಿ ತಿರುವು, ಹೊಂಗೆ ಮರ, ಮನೆ. ಬಾಗಿಲು ತೆರೆದಿತ್ತು. ಹಾಳೆ ತಿರುವಿದೆ.

ಹಾಳೆಯಲ್ಲಿ ಒಂದು ಕಿಟಕಿ. ಅಂಗೈ ಅಗಲ, ನಾಲ್ಕೂ ಬದಿ ನೇರ. ಅದರ ಆಚೆ ಸಿರಿಯ ನೀಲಿ ಸ್ವೆಟರು ಕಾಣುತ್ತಿತ್ತು. ಕಿಟಕಿಯ ಕೆಳಗೆ ಒಂದೇ ಪದ ಉಳಿದಿದೆ: ‘ಮುಗಿಯಿತು.’

“ವೇರ್ ಈಸ್ ಇಟ್?”

“ಇಲಿ ತಿಂದಿರಬಹುದು,” ಎಂದೆ.

ಅವಳು ಪುಸ್ತಕ ಕಿತ್ತುಕೊಂಡು ಬೆಳಕಿಗೆ ಹಿಡಿದಳು. “ಸ್ಕೇಲ್ ಇಟ್ಕೊಂಡು ತಿಂತಾ, ಇಲಿ?”

ನನಗೆ ನಗು ಬರಲಿಲ್ಲ. ಆ ಅಂಚು ನೋಡಿದ ಕ್ಷಣವೇ ನನಗೆ ಗೊತ್ತಾಗಿತ್ತು. ಅಪ್ಪನ ಶೇವಿಂಗ್ ಬ್ಲೇಡು, ನನ್ನ ಜಾಮೆಟ್ರಿ ಡಬ್ಬದ ಸ್ಕೇಲು.

ಸಿರಿ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಜೋರಾಗಿ ಅಲ್ಲ.

ಏಪ್ರಿಲ್ 16, ಸೋಮವಾರ

ಹೇಳಲಿಲ್ಲ. ಸ್ಟೂಲು ಖಾಲಿ ಇತ್ತು.

ಏಪ್ರಿಲ್ 18, ಬುಧವಾರ

ಸಂಜೆ ನನ್ನ ಮಾರ್ಕ್ಸ್ ಕಾರ್ಡುಗಳ ಫೈಲಿನ ಅಡಿಯಿಂದ ಶಾಲಾದಿನದ ಕವಿತೆಗಳ ನೋಟ್‌ಬುಕ್ ತೆಗೆದುಕೊಂಡು ಮೇಲೆ ಹೋದೆ. ಬಾಗಿಲು ತಟ್ಟಿದೆ. “ಇಲಿ ಬಂದಿದೆ,” ಎಂದೆ. ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಬೋಲ್ಟ್ ತೆಗೆದ ಶಬ್ದ.

ಅವಳ ಮಂಚದ ತುದಿಯಲ್ಲಿ ಕೂತು ಎಲ್ಲ ಹೇಳಿದೆ. 1974. ನನ್ನ ಮೊದಲ ಕವಿತೆ ಅಚ್ಚಾದ ವಾರ. ಪತ್ರಿಕೆ ಬರುವುದನ್ನೇ ಕಾದು, ಬಾಗಿಲಲ್ಲೇ ಎತ್ತಿಕೊಂಡು ಹಿತ್ತಲಿಗೆ ಓಡಿದೆ. ವಿದ್ಯಾರ್ಥಿ ಪುಟದ ಮೂಲೆಯಲ್ಲಿ ‘ಕು. ವಸಂತಲಕ್ಷ್ಮಿ, ನಂಜನಗೂಡು’. ಕತ್ತರಿಸಿ, ಮೈದಾ ಅಂಟು ಕಾಯಿಸಿ, ನೋಟ್‌ಬುಕ್ಕಿಗೆ ಹಚ್ಚಿ ಒತ್ತಿದೆ. ಹಾಳೆಗೆ ಹಿಂಬದಿ ಇರುತ್ತದೆ ಎಂಬುದು ಹೊಳೆದದ್ದು ಹಚ್ಚಿಯಾದ ಮೇಲೆ. ಹಿಂಬದಿಯಲ್ಲಿ ಗಿರಿಜೆ ಇದ್ದಳು. ಏಳು ಮನೆಯವರು ಐದು ತಿಂಗಳು ಕಾದ ಕೊನೆ.

“ಅಜ್ಜಿ ಬೈದ್ರಾ?”

“ನಾನು ಅಲ್ಲಿರಲಿಲ್ಲ. ಪತ್ರಿಕೆ ಹಾಗೇ ಮಡಚಿಟ್ಟು ಹೋಗಿ ಬಾವಿಕಟ್ಟೆ ಹಿಂದೆ ಕೂತಿದ್ದೆ, ಹೆದರ್ಕೊಂಡು. ಕಿಟಕಿಯಿಂದ ಓದೋ ಧ್ವನಿ ಕೇಳ್ತಿತ್ತು. ಎಲ್ಲಿ ನಿಲ್ಲುತ್ತೋ ಅಂತ ಕಾದೆ. ನಿಲ್ಲಲೇ ಇಲ್ಲ. ಕೊನೆವರೆಗೂ ಓದಿದಳು. ಎಲ್ಲರೂ ಅತ್ತರು, ಎದ್ದು ಹೋದರು. ಸರಿ, ಹಿಂದೆ ಇದ್ದಿದ್ದು ಯಾವುದೋ ಜಾಹೀರಾತು ಇರಬೇಕು, ನಾನು ಬಚಾವ್ ಅಂದ್ಕೊಂಡೆ. ಅವಳೂ ಯಾವತ್ತೂ ಕೇಳಲಿಲ್ಲ.”

ಮೂವತ್ತಮೂರು ವರ್ಷ ಹಾಗೇ ಅಂದುಕೊಂಡಿದ್ದೆ.

ಸಿರಿ ನೋಟ್‌ಬುಕ್ಕನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು, “ಮೈದಾ ಅಂಟು ನೀರಲ್ಲಿ ಕರಗುತ್ತಾ?”

ಏಪ್ರಿಲ್ 21, ಶನಿವಾರ

ಇದನ್ನು ಎಲ್ಲ ಬರೆದಿಟ್ಟುಕೊಳ್ಳಬೇಕು.

ಬೆಳಿಗ್ಗೆ ಬದರಿ ಕಾರಿನ ಆಯಿಲ್ ಬದಲಿಸಲು ಹೋದ ಮೇಲೆ ಸಿರಿ ಅಡುಗೆಮನೆಯನ್ನು ಪ್ರಯೋಗಶಾಲೆ ಮಾಡಿದಳು. ಇಡ್ಲಿ ಪಾತ್ರೆಯಲ್ಲಿ ನೀರು, ಮುಚ್ಚಳ ತೆಗೆದು ಸಣ್ಣ ಉರಿ. ಅವಳ ಹುಬ್ಬು ಕೀಳುವ ಚಿಮಟ, ಒಂದು ಬೆಣ್ಣೆ ಚಾಕು, ಬಿಳಿ ಟವೆಲ್. ಮೊದಲು ಡಿಜಿಟಲ್ ಕ್ಯಾಮೆರಾದಲ್ಲಿ ನನ್ನ ಕವಿತೆಯ ಫೋಟೊ ತೆಗೆದಳು.

“ಹರಿದುಹೋದ್ರೆ? ಇಟ್ಸ್ ಯುವರ್ ಫಸ್ಟ್ ಪೊಯಮ್.”

“ಹೋಗ್ಲಿ ಬಿಡು. ನಾಲ್ಕು ಸಾಲಲ್ಲಿ ಎರಡು ಹುಣ್ಣಿಮೆ ಇದೆ.”

ಅವಳಿಗೆ ಓದಿ ಹೇಳಿದೆ. ಎರಡನೆಯ ಹುಣ್ಣಿಮೆಗೆ ಇಬ್ಬರೂ ನಕ್ಕುಬಿಟ್ಟೆವು.

ನಾನು ನೋಟ್‌ಬುಕ್ಕಿನ ಹಾಳೆಯನ್ನು ಆವಿಯ ಮೇಲೆ ಹಿಡಿದೆ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಹಳೆಯ ಹಿಟ್ಟಿನ ವಾಸನೆ ಬಂತು, ನಮ್ಮ ಹಿತ್ತಲಿನದೇ. ಮೂಲೆ ಎದ್ದಿತು. ಸಿರಿ ಉಸಿರು ಬಿಗಿಹಿಡಿದು ಚಿಮಟದಿಂದ ಎಳೆದಳು. ಕವಿತೆ ನಡುವೆ ಸೀಳಿತು. ಒಂದು ಹುಣ್ಣಿಮೆ ಈ ಕಡೆ, ಒಂದು ಆ ಕಡೆ. ತುಂಡುಗಳನ್ನು ಟವೆಲ್ ಮೇಲೆ ಮಗುಚಿ ಜೋಡಿಸಿದೆವು. ಅಕ್ಷರಗಳು ಮಸುಕಾಗಿದ್ದವು, ಆದರೆ ಇದ್ದವು.

ನಾನು ಓದಿದೆ:

‘ಗಿರಿಜೆ ಹೊಸ್ತಿಲ ಹೊರಗೆ ನಿಂತಳು. ಒಳಗಿನಿಂದ ಬಂದ ಹೆಂಗಸು, “ತಡ ಮಾಡಿಬಿಟ್ಟೆಯಲ್ಲಮ್ಮ, ನಿನ್ನೆ ಬೆಳಗಿನ ಜಾವವೇ ಎಲ್ಲ ಆಗಿಹೋಯಿತು” ಎಂದಳು. ಗಿರಿಜೆ ಒಂದೂ ಮಾತಾಡದೆ ಬಂದ ದಾರಿಗೇ ತಿರುಗಿದಳು. ದೂರದಲ್ಲಿ ರೈಲು ಕೂಗಿತು.’

“ಅಷ್ಟೇನಾ?” ಎಂದಳು ಸಿರಿ.

“ಅಷ್ಟೇ.”

ಬೆರಳಿನಿಂದ ಟವೆಲ್ಲಿನ ಅಂಚು ತಿರುಚುತ್ತ ಕೂತಳು. ಕೊನೆ ಗೊತ್ತಿದ್ದರೆ ಅವಳು ಈ ಪುಸ್ತಕವನ್ನು ಖಂಡಿತ ಮನೆಗೆ ತರುತ್ತಿದ್ದಳು. ಆದರೆ ಅವಳು ಅಳಲಿಲ್ಲ. ಹುಬ್ಬು ಗಂಟು ಹಾಕಿಕೊಂಡು, ತಡೆತಡೆದು, ಪೂರ್ತಿ ಕನ್ನಡದಲ್ಲೇ ಕೇಳಿದಳು:

“ಆದ್ರೆ ಅಮ್ಮ, ಇದು ನಿನ್ನ ನೋಟ್‌ಬುಕ್ಕಲ್ಲಿ ಇತ್ತು. ಅಜ್ಜಿ ಹತ್ರ ಬರೀ ತೂತು ಇತ್ತು. ಅಜ್ಜಿ ಏನು ಓದಿದ್ರು?”

ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ.

“‘ತಡವಾಯಿತೆಂದು ಯಾರೂ ಹೇಳಲಿಲ್ಲ. ಒಳಗೆ ಯಾರೋ ಒಲೆಗೆ ಇನ್ನೊಂದು ಸೌದೆ ಇಟ್ಟರು.’”

ಓದುವ ಧ್ವನಿಯಲ್ಲೇ ಬಂತು, ಬಾವಿಕಟ್ಟೆಯವರೆಗೆ ಕೇಳುವ ಧ್ವನಿ.

“ಅದು ಯಾವ ಬುಕ್ಕಲ್ಲಿದೆ?”

ಕಪಾಟಿನಿಂದ ಇಳಿಸಿ ಗೋಡೆಗೆ ಒರಗಿಸಿಟ್ಟ ಸಂಕಲನಗಳ ಎರಡು ರಾಶಿ ಅವಳ ಹಿಂದೆ ಕಾಣುತ್ತಿತ್ತು. ಒಂದರಲ್ಲೂ ಇಲ್ಲ. ಹಾಳೆಯ ತೂತು ನೋಡುತ್ತ, ಆರು ಮನೆಯವರನ್ನು ಎದುರಿಗೆ ಕೂರಿಸಿಕೊಂಡು, ಎಲ್ಲೂ ನಿಲ್ಲದೆ ಅಮ್ಮ ಅದನ್ನು ಓದಿದ್ದಳು. ಕತ್ತರಿಸಿದವಳು ಬಾವಿ ಹಿಂದೆ ಕೂತಿದ್ದಾಳೆ ಎಂದು ಅವಳಿಗೆ ಗೊತ್ತಿತ್ತೇ? ಗೊತ್ತಿದ್ದಿರಬೇಕು. ನಾನು ಹೆದರಿದಾಗಲೆಲ್ಲ ಅಲ್ಲೇ ಹೋಗಿ ಕೂರುತ್ತಿದ್ದೆ.

ಇದನ್ನು ಸಿರಿಗೆ ಹೇಳಲು ಹೊರಟೆ. ಎಷ್ಟು ಹೇಳಿದೆನೋ ಗೊತ್ತಿಲ್ಲ. ಅವಳು ಎದ್ದು, ಬತ್ತುತ್ತಿದ್ದ ಇಡ್ಲಿ ಪಾತ್ರೆಗೆ ಇನ್ನೊಂದು ಚೊಂಬು ನೀರು ಹಾಕಿ ಉರಿ ದೊಡ್ಡದು ಮಾಡಿದಳು. ಆವಿ ಮತ್ತೆ ಎದ್ದಿತು. ಕಿಟಕಿಯ ಗಾಜೆಲ್ಲ ಮಂಜಾಯಿತು, ನನ್ನ ಮುಖ, ಕತ್ತು, ರವಿಕೆಯ ತೋಳು ಎಲ್ಲ ಒದ್ದೆ. ಸಿರಿ ಟವೆಲ್ಲಿನ ಒಣಗಿದ ತುದಿ ನನ್ನ ಕೈಗೆ ಕೊಟ್ಟು ಸ್ಟೂಲ್ ಹತ್ತಿರ ಎಳೆದುಕೊಂಡು ಕೂತಳು. ಅವಳ ಭುಜ ಈಗ ನನ್ನ ಭುಜಕ್ಕಿಂತ ಎತ್ತರಕ್ಕಿದೆ. ಯಾವಾಗ ಬೆಳೆದಳೋ ನಾನು ಗಮನಿಸಿಯೇ ಇಲ್ಲ. ಒಲೆಯ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು, ಅಂದರೆ ಹನ್ನೊಂದೂವರೆ.

ಬಾಗಿಲ ಬೆಲ್ ಆದಾಗ ಆ ಗಡಿಯಾರ ಹನ್ನೆರಡು ದಾಟಿತ್ತು. ಸಿರಿ ಹೋಗಿ ತೆರೆದಳು, ನಾನು ಅವಳ ಹಿಂದೆ. ಉಷಾ ನಿಂತಿದ್ದರು, ಒಂದು ಕೈಯಲ್ಲಿ ನಮ್ಮ ಮೊಸರಿನ ಬಟ್ಟಲು, ಇನ್ನೊಂದರಲ್ಲಿ ಟಿಶ್ಯೂ ಡಬ್ಬ. ನನ್ನ ಕಡೆ ನೋಡದೆ ಡಬ್ಬವನ್ನು ಸಿರಿಯ ಕೈಗೆ ತುರುಕಿದರು.

“ಇವತ್ತಿನ ಪುಸ್ತಕ ಯಾವ್ದು ಪುಟ್ಟೀ? ನೀನು ಇಷ್ಟು ಹೊತ್ತು ಯಾವತ್ತೂ ಅತ್ತಿರ್ಲಿಲ್ಲ.”